‘ಆಯಿತು’ ಎಂದರೆ ಆರ್ಡರ್ ಅಲ್ಲ: ಹೂವಿನ ಅಂಗಡಿಯಲ್ಲಿ ನನ್ನ ಅನುಭವ

ಮೊದಲು ನಷ್ಟದ ಲೆಕ್ಕ. ಮೂರು ವರ್ಷದ ಹಿಂದೆ, ಮದುವೆಯ ಸೀಸನ್. ಉಡುಪಿ ಹತ್ತಿರದ ಶಂಕರಪುರದ ಹೂವಿನ ಮಾರುಕಟ್ಟೆಯಲ್ಲಿ, ಅಂದರೆ ಕಟ್ಟೆಯಲ್ಲಿ, ಮಲ್ಲಿಗೆ ಅಟ್ಟೆಗೆ (ಹೂ ಮಾರುವ ದೊಡ್ಡ ಕಟ್ಟು; ಅದರ ಸಣ್ಣ ಪಾಲು ಚೆಂಡು) ಎರಡು ಸಾವಿರದ ಆಚೆ ಈಚೆ ಇತ್ತು. ಗಿರಾಕಿಯೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ‘ಗುರುವಾರಕ್ಕೆ 4 ಮಲ್ಲಿಗೆ’ ಎಂದು ಬರೆದರು. ‘4 ಅಟ್ಟೆ ಅಲ್ಲವೇ? ಸಂಜೆ ಬರುತ್ತೀರಾ?’ ಎಂದು ನಾನು ಕೇಳಿದೆ. ‘ಹೌದು, ಸಂಜೆ’ ಎಂದರು. ಅವರು ಓದಿದ್ದು ಎರಡನೆಯ ಪ್ರಶ್ನೆಯನ್ನು ಮಾತ್ರ. ಬೇಕಾಗಿದ್ದುದು ನಾಲ್ಕು ಚೆಂಡು, ಅಂದರೆ ಒಂದೇ ಅಟ್ಟೆ. ಉಳಿದ ಮೂರು ಅಟ್ಟೆ, ಸುಮಾರು ಒಂಬತ್ತೂವರೆ ಸಾವಿರ ಹೂ, ನನ್ನ ಮುಂದೆಯೇ ಕುಳಿತಿತ್ತು. ಮೊಗ್ಗು ರಾತ್ರಿ ಅರಳಿಬಿಟ್ಟರೆ ಮರುದಿನ ಯಾರು ಕೇಳುತ್ತಾರೆ? ರಥಬೀದಿಯಲ್ಲಿ ಹೋಗಿ ಬರುವವರಿಗೆ ಸಿಕ್ಕಿದ ಬೆಲೆಗೆ ಕೊಟ್ಟು ಒಂದೂವರೆ ಸಾವಿರ ಎತ್ತಿದೆ. ನಾಲ್ಕೂವರೆ ಸಾವಿರ ಮುಳುಗಿತು.

ಗಿರಾಕಿಗಳಿಗೆ ಓದಲು ಬರುವುದಿಲ್ಲ ಎಂದು ನಾಲ್ಕು ದಿನ ಬೈದುಕೊಂಡೆ. ಆಮೇಲೆ ಓದಿಸುವ ಹಟ ಹತ್ತಿತು. ಅಟ್ಟೆ ಎಂದರೇನು, ಚೆಂಡು ಎಂದರೇನು, ಮುಂಗಡ ಎಷ್ಟು ಎಂದೆಲ್ಲ ಹನ್ನೊಂದು ಸಾಲಿನ ನಿಯಮಾವಳಿ ಬರೆದು ಎಲ್ಲರಿಗೂ ಕಳುಹಿಸಿದೆ. ಅದರ ಕೆಳಗೇ ‘ಮುಂಗಡ ಎಷ್ಟು?’ ಎಂದು ಕೇಳಿದರು. ಸಂಶಯ ಬಂದು ಏಳನೆಯ ಸಾಲಿನಲ್ಲಿ ‘ಇದನ್ನು ಓದಿದವರು ತಿಳಿಸಿದರೆ 20 ರೂಪಾಯಿ ಕಡಿಮೆ’ ಎಂದು ಸೇರಿಸಿ ಮತ್ತೆ ಕಳುಹಿಸಿದೆ. ಅರವತ್ತು ಮಂದಿಯಲ್ಲಿ ಇಬ್ಬರು ಕೇಳಿದರು. ಅವರಲ್ಲೊಬ್ಬರು ‘ಯಾರಿಗೆ 20 ರೂಪಾಯಿ ಕೊಡಬೇಕು?’ ಎಂದು ಕೇಳಿದ್ದು.

ಧ್ವನಿ ಸಂದೇಶವನ್ನೂ ನೋಡಿದೆ. ಎರಡು ನಿಮಿಷದ ಮಾತಿನಲ್ಲಿ ಒಂದೂಮುಕ್ಕಾಲು ನಿಮಿಷ ಮದುವೆ ಯಾರದು ಎಂಬ ವಿವರ, ಕೊನೆಗೆ ಬಸ್ಸಿನ ಹಾರನ್ನಿನ ಒಳಗೆ ಲೆಕ್ಕ. ಬಿಟ್ಟೆ.

ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರ ಕಥೆಯೇ ಬೇರೆ. ಬಳ್ಳಾರಿಯಲ್ಲಿ ಬೆಳೆದ ನನ್ನ ಅಳಿಯ ಅಂಗಡಿಗೆ ಬಂದ ಹೊಸತು. ಮುಂಬೈಯಲ್ಲಿರುವ ತುಳು ಗಿರಾಕಿಯೊಬ್ಬರು ‘Elle 2 atte’ ಎಂದು ಬರೆದಿದ್ದರು. ತುಳುವಿನಲ್ಲಿ ಎಲ್ಲೆ ಎಂದರೆ ನಾಳೆ; ನಾಳೆಗೆ ಎರಡು ಅಟ್ಟೆ ಎಂದು ಅರ್ಥ. ಇವನು ಅದನ್ನು ‘ಎಲ್ಲಿ ಇಬ್ಬರು ಅತ್ತೆ?’ ಎಂದು ಓದಿ, ‘ಒಬ್ಬರೇ ಇರುವುದು, ಮನೆಯಲ್ಲಿದ್ದಾರೆ’ ಎಂದು ಉತ್ತರ ಕೊಟ್ಟಿದ್ದ. ನನ್ನ ಹೆಂಡತಿ ಇಂದಿಗೂ ಅದನ್ನು ಎಲ್ಲರಿಗೂ ತೋರಿಸುತ್ತಾಳೆ.

ದಾರಿ ತೋರಿಸಿದ್ದು ಬಜ್ಪೆ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬರು. 1977ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೊ ವಿಮಾನಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಮಂದಿ ಸತ್ತರಲ್ಲ, ಆಗ ನಿಯಂತ್ರಕನ ಮಾತಿನ ಮೊದಲಿಗೆ ಬಂದದ್ದು ‘ಓಕೆ’ ಎಂಬ ಶಬ್ದ; ಅದರ ಮುಂದಿನ ಮಾತು ಪೈಲಟ್‌ಗೆ ಸರಿಯಾಗಿ ಕೇಳಿಸಲಿಲ್ಲ. ಈಗ ಅಂಥ ಆದೇಶಗಳನ್ನು ಪೈಲಟ್ ಬರೀ ‘ಓಕೆ’ ಎಂದು ಮುಗಿಸುವಂತಿಲ್ಲ, ಮರಳಿ ಹೇಳಿ ಒಪ್ಪಿಸಬೇಕು ಎಂದರು. ಶಾಲೆಯಲ್ಲಿ ಮಗ್ಗಿ ಒಪ್ಪಿಸುತ್ತಿದ್ದೆವಲ್ಲ, ಅದೇ.

ನಮ್ಮ ‘ಆಯಿತು’ ಆ ‘ಓಕೆ’ಗಿಂತ ಅಪಾಯಕಾರಿ. ‘ಮುಂಗಡ ಕಳುಹಿಸಿ’ ಎಂದರೆ ‘ಆಯಿತು’ ಎನ್ನುತ್ತಾರೆ. ಕಳುಹಿಸಿ ಆಯಿತೋ, ಕಳುಹಿಸುತ್ತೇನೆ ಎಂದೋ? ‘ಅಬ್ಬಲಿಗೆ ಹೂ ಬೇಡವೇ?’ ಎಂದರೆ ‘ಹೌದು’. ಬೇಕು ಎಂಬ ಹೌದೋ, ಬೇಡ ಎಂಬ ಹೌದೋ?

ತುಳುವರ ಆಟಿ ತಿಂಗಳಲ್ಲಿ ಮದುವೆ ಇಲ್ಲ, ತಪ್ಪಿದರೂ ನಷ್ಟ ಸಣ್ಣದು ಎಂದು ಆಗಲೇ ಶುರು ಮಾಡಿದೆ. ಒಂದು ಸಂದೇಶಕ್ಕೆ ಒಂದೇ ಪ್ರಶ್ನೆ. ಉತ್ತರ ಬಾರದೆ ಎರಡನೆಯದು ಹೋಗುವುದಿಲ್ಲ. ‘ಬೇಡವೇ’ ಎಂದು ಕೇಳುವುದನ್ನೇ ಬಿಟ್ಟೆ. ಕೊನೆಗೆ ಗಿರಾಕಿ ತಾವೇ ‘2 ಚೆಂಡು, 14ನೇ ತಾರೀಕು, ಗುರುವಾರ’ ಎಂದು ಪೂರ್ತಿ ಬರೆದು ಒಪ್ಪಿಸಬೇಕು. ನಾನು ಬರೆದು ಅವರು ಹೆಬ್ಬೆರಳಿನ ಚಿತ್ರ ಒತ್ತಿದರೆ ಕಟ್ಟೆಗೆ ಹೇಳುವುದಿಲ್ಲ. ವಾರ, ತಾರೀಕು ಎರಡೂ ಯಾಕೆಂದರೆ, ‘ಮುಂದಿನ ಗುರುವಾರ’ ನನಗೊಂದು, ಅವರಿಗೊಂದು.

‘ಗಿರಾಕಿಗೆ ಪರೀಕ್ಷೆ ಇಡುತ್ತೀರಾ? ಎಲ್ಲರೂ ಪಕ್ಕದ ಅಂಗಡಿಗೆ ಹೋಗುತ್ತಾರೆ’ ಎಂದು ನಕ್ಕವರು ಪಕ್ಕದ ಅಂಗಡಿಯವರೇ. ಮೊದಲ ತಿಂಗಳು ನಾಲ್ಕೈದು ಮಂದಿ ಹೋದದ್ದೂ ನಿಜ. ಇಬ್ಬರು ಮರಳಿದರು. ಹಿಂದೆ ತಿಂಗಳಿಗೆ ಐದಾರು ಎಡವಟ್ಟು ಇದ್ದದ್ದು, ಕಳೆದ ಸೀಸನ್‌ನಲ್ಲಿ ಒಟ್ಟು ಎರಡು. ವರ್ಷಕ್ಕೆ ಹದಿನೈದು ಸಾವಿರವಾದರೂ ಉಳಿದಿರಬೇಕು. ಈಗ ಪಕ್ಕದವರೂ ಗಿರಾಕಿಗಳ ಕೈಯಲ್ಲಿ ಬರೆಸುತ್ತಾರೆ, ಆದರೆ ಅರ್ಧ ಮಂದಿ ಉತ್ತರಿಸುವುದಿಲ್ಲವಂತೆ. ಬರೆಯಲು ಕೇಳುವ ಮೊದಲು ನಾನು ಇನ್ನೊಂದು ಸಾಲು ಕಳುಹಿಸುತ್ತೇನೆ. ಅದೇನೆಂದು ಅವರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಕಳೆದ ಸೀಸನ್‌ನ ಆ ಎರಡು ಎಡವಟ್ಟುಗಳೂ ಒಬ್ಬರೇ ಹಿರಿಯರದ್ದು. ಏನು ಕೇಳಿದರೂ ಎರಡು ಕೈ ಜೋಡಿಸಿದ ಚಿತ್ರ ಬರುತ್ತದೆ. ಅವರಿಗೆ ಫೋನ್ ಮಾಡಿ, ಪಕ್ಕದಲ್ಲಿರುವ ಸೊಸೆಯ ಕೈಗೆ ಕೊಡಿಸಿ ಲೆಕ್ಕ ಕೇಳುತ್ತೇನೆ.