150ರ ಲೈನ್‌ಗೆ 100ರ ಪೋರ್ಟ್: ಕೋಲಾರದ ಮಂಡಿಯಲ್ಲಿ ನನ್ನ ಅನುಭವ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಸೀಸನ್ ಜೋರಾದರೆ ಫೋನ್‌ಗಳಿಗೆ ಬಿಡುವಿಲ್ಲ. ಹರಾಜು ನಡೆಯುವಾಗ ಹೊರರಾಜ್ಯದ ವ್ಯಾಪಾರಿಗಳು ಲೈನ್‌ನಲ್ಲೇ ಇರುತ್ತಾರೆ. 15 ಕೆಜಿ ಬಾಕ್ಸಿನ ರೇಟು ಹೇಳುವ ಹೊತ್ತಿಗೆ ಮಾತು ತುಂಡಾದರೆ ಮಾಲು ಬೇರೆಯವರ ಪಾಲು. ನಾನು ನೆಟ್‌ವರ್ಕ್ ನೋಡಿಕೊಳ್ಳುವ ಮಂಡಿಯಲ್ಲಿ ಇಪ್ಪತ್ತರ ಹತ್ತಿರ ಐಪಿ ಫೋನ್ (ಇಂಟರ್ನೆಟ್ ಮೂಲಕ ಮಾತಾಡುವ ಫೋನ್) ಇವೆ, ಕ್ಯಾಮೆರಾ ಅದಕ್ಕಿಂತ ಜಾಸ್ತಿ. ರೆಕಾರ್ಡಿಂಗ್, ಬಿಲ್ಲಿಂಗ್ ಬ್ಯಾಕಪ್ ಎಲ್ಲ ಕ್ಲೌಡ್‌ಗೆ ಹೋಗುತ್ತವೆ. ಅಪ್‌ಲೋಡ್ ತುಂಬಿದ ಕೂಡಲೇ ದನಿ ಒಡೆಯುತ್ತಿತ್ತು.

ಮಾಲೀಕರು ಕರೆಸಿದ ಕನ್ಸಲ್ಟೆಂಟ್ ಒಬ್ಬರು ಒಂದೂವರೆ ಲಕ್ಷದ ಫೈರ್‌ವಾಲ್‌ಗೆ ಕೊಟೇಶನ್ ಕೊಟ್ಟರು. ಹಳೇ ಐ3 ಡೆಸ್ಕ್‌ಟಾಪಿನಲ್ಲಿ ಲಿನಕ್ಸ್ ಹಾಕಿ, ಅದನ್ನೇ ರೂಟರ್ ಮಾಡಿ, ದನಿಯನ್ನು ಮೊದಲು ಬಿಡುವ ಹಾಗೆ ಮಾಡಿಕೊಡುತ್ತೇನೆ ಅಂದೆ. ಯಾರೂ ನಂಬಲಿಲ್ಲ. ಈಗ ಒಂದು ಪೂರ್ತಿ ಸೀಸನ್ ಓಡಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮದರ್‌ಬೋರ್ಡ್ ಮೇಲಿನ ನೆಟ್‌ವರ್ಕ್ ಪೋರ್ಟಿಗೆ ಕಳಿಸುವ ಕ್ಯೂ (ಪ್ಯಾಕೆಟ್, ಅಂದರೆ ಡೇಟಾದ ತುಂಡುಗಳು, ಕಾಯುವ ಸಾಲು) ಒಂದೇ, ಅದನ್ನು ಬಿಟ್ಟುಬಿಟ್ಟೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸುಮಾರು ಮೂರು ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಇಂಟೆಲ್ ಐ350 ನೆಟ್‌ವರ್ಕ್ ಕಾರ್ಡ್ ತಂದೆ. ಪೋರ್ಟಿಗೆ ಎಂಟು ಕ್ಯೂ. ಪ್ಯಾಕೆಟ್‌ಗಳನ್ನು ಕ್ಯೂಗಳಿಗೆ ಹಂಚುವ ಲಿನಕ್ಸಿನ ಎಂಕ್ಯೂಪ್ರಿಯೊ ಕಟ್ಟಿದೆ, ದನಿಗೆ ಒಂದು ಕ್ಯೂ, ಉಳಿದದ್ದಕ್ಕೆ ಬೇರೆ. ಏನೂ ಬದಲಾಗಲಿಲ್ಲ. ಎಂಕ್ಯೂಪ್ರಿಯೊ ಹಾರ್ಡ್‌ವೇರ್ ಆಫ್‌ಲೋಡ್ (ಕೆಲಸವನ್ನು ಕಾರ್ಡಿಗೇ ಒಪ್ಪಿಸುವುದು) ಇಲ್ಲದೆ ಓಡಿದರೆ ಯಾವ ಪ್ಯಾಕೆಟ್ ಯಾವ ಕ್ಯೂಗೆ ಅನ್ನುವುದನ್ನಷ್ಟೇ ತೀರ್ಮಾನಿಸುತ್ತದೆ. ಆಮೇಲೆ ಕಾರ್ಡು ಒಂದೊಂದು ಕ್ಯೂನಿಂದ ಸರದಿ ಪ್ರಕಾರ ಎತ್ತುತ್ತದೆ. ಎಲ್ಲರಿಗೂ ಸಮಪಾಲು ಅಂದಮೇಲೆ ಆದ್ಯತೆ ಎಲ್ಲಿ ಬಂತು?

ಆಗ ಐ210 ಹಿಡಿದೆ. ಎರಡು ಸಾವಿರದ ಆಸುಪಾಸು ಆಯಿತು. ಇದರಲ್ಲಿ ನಾಲ್ಕೇ ಕ್ಯೂ, ಆದರೆ ಆಡಿಯೊ ವಿಡಿಯೊಗಾಗಿ ಬಂದ 802.1 ಕ್ಯೂಎವಿ ಸೌಲಭ್ಯ ಇದೆ. ಸೊನ್ನೆ ಮತ್ತು ಒಂದನೇ ಕ್ಯೂಗೆ ಮಾತ್ರ ಸಿಬಿಎಸ್ (ಒಂದು ಕ್ಯೂಗೆ ಇಷ್ಟೇ ವೇಗ ಅಂತ ಕಟ್ಟುವ ವಿಧಾನ) ಆಫ್‌ಲೋಡ್ ಸಿಗುತ್ತದೆ, ಲಿನಕ್ಸ್ ಕರ್ನಲ್ 4.15ರಿಂದ. ಸಿಬಿಎಸ್ ಆನ್ ಮಾಡಿದ ಮೇಲೆಯೇ ಕಾರ್ಡು ಕ್ಯೂಎವಿ ಮೋಡಿಗೆ ಬಂದು ಸೊನ್ನೆ ಕ್ಯೂಗೆ ಮೇಲುಗೈ ಕೊಡುತ್ತದೆ.

ಅಷ್ಟಾದರೂ ದನಿ ಒಡೆಯುವುದು ನಿಲ್ಲಲಿಲ್ಲ. ಪೋರ್ಟು ಗಿಗಾಬಿಟ್, ಲೈನು 150 ಎಂಬಿಪಿಎಸ್. ಪ್ಯಾಕೆಟ್‌ಗಳು ನಮ್ಮ ಕ್ಯೂನಲ್ಲಿ ಕಾಯುವುದೇ ಇಲ್ಲ, ಹೋಗಿ ಫೈಬರ್ ಡಬ್ಬದಲ್ಲಿ ಜಮಾಯಿಸುತ್ತವೆ. ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ ಅಲ್ವಾ? ಅದಕ್ಕೆ ಪೋರ್ಟನ್ನು 100ಕ್ಕೆ ಇಳಿಸಿದೆ. "150ಕ್ಕೆ ದುಡ್ಡು ಕಟ್ಟಿ 100 ಬಳಸೋದಾ? ಯಾವ ಲೆಕ್ಕಾಚಾರ ಸ್ವಾಮಿ ಇದು?" ಅಂತ ಮಂಡಿಯ ಅಕೌಂಟೆಂಟ್ ರೇಗಿದರು. ಕೆಲಸ ಕೈಗೂಡಿದ್ದು ಮಾತ್ರ ಅಲ್ಲೇ. ಕಾಯುವ ಜಾಗ ನಮ್ಮ ಕಾರ್ಡಿಗೆ ಬಂತು, ಯಾರನ್ನು ಮೊದಲು ಬಿಡಬೇಕು ಅನ್ನುವುದೂ ನಮ್ಮ ಕೈಗೆ ಬಂತು. ಇಳಿಸುವಾಗ ಆಟೊನೆಗೋಶಿಯೇಶನ್ (ಎರಡು ತುದಿಗಳು ತಾವೇ ವೇಗ ಮಾತಾಡಿಕೊಳ್ಳುವುದು) ಆಫ್ ಮಾಡಬೇಡಿ, ಎದುರಿನ ಡಬ್ಬ ಹಾಫ್ ಡುಪ್ಲೆಕ್ಸ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಬೀಳುತ್ತದೆ. ಕಾರ್ಡಿನ ಸೆಟ್ಟಿಂಗ್ ನೋಡುವ, ಬದಲಿಸುವ ಈಥ್‌ಟೂಲ್ ಕಮಾಂಡ್‌ನಲ್ಲಿ ಅಡ್ವರ್ಟೈಸ್ 0008 ಕೊಟ್ಟರೆ 100 ಫುಲ್ ಡುಪ್ಲೆಕ್ಸ್ ಮಾತ್ರ ಮಾತಾಡಿಕೊಳ್ಳುತ್ತವೆ.

ಫೋನ್‌ಗಳು ಡಿಎಸ್‌ಸಿಪಿ 46, ಅಂದರೆ ಇದು ದನಿ ಅನ್ನುವ ಗುರುತು, ಹಾಕಿಯೇ ಕಳಿಸುತ್ತವೆ. ಆದರೆ ಫಾರ್ವರ್ಡ್ ಮಾಡುವಾಗ ಕರ್ನಲ್ ಇಂಥ ಗುರುತುಗಳ ಹಳೇ ಪಟ್ಟಿಯಾದ ಟಿಒಎಸ್ ಟೇಬಲ್ ನೋಡಿ ಪ್ರಿಯಾರಿಟಿಯನ್ನು ಹೊಸದಾಗಿ ಬರೆಯುತ್ತದೆ. 46 ಇದ್ದದ್ದು ಅದರ ಲೆಕ್ಕದಲ್ಲಿ 4 ಆಗುತ್ತದೆ. ಪ್ರಿರೌಟಿಂಗ್‌ನಲ್ಲಿ (ದಾರಿ ನಿರ್ಧಾರವಾಗುವ ಮೊದಲು) ನಾವು ಹಾಕಿದ್ದು ಅಲ್ಲಿ ಅಳಿಸಿಹೋಗುತ್ತದೆ. ಲಿನಕ್ಸ್ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನ ರೂಲನ್ನು ಪೋಸ್ಟ್‌ರೌಟಿಂಗ್‌ನಲ್ಲಿಟ್ಟು (ದಾರಿ ನಿರ್ಧಾರವಾದ ಮೇಲೆ) 6 ಹಾಕಿದೆ, ಎಂಕ್ಯೂಪ್ರಿಯೊ ಮ್ಯಾಪ್‌ನಲ್ಲಿ 6ನ್ನು ಸೊನ್ನೆ ಕ್ಯೂಗೆ ಕಟ್ಟಿದೆ. ಸರಿ ಬಿತ್ತಾ ಅಂತ ನೋಡುವುದು ಸುಲಭ. ಒಂದೇ ಒಂದು ಕಾಲ್ ಹಚ್ಚಿ ಈಥ್‌ಟೂಲ್‌ನಲ್ಲಿ ಸೊನ್ನೆ ಕ್ಯೂನ ಎಣಿಕೆ ನೋಡಿ. ಸೆಕೆಂಡಿಗೆ 50ರಂತೆ ಏರಬೇಕು, 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್. ಮೊದಲ ಸಲ ಆ ಅಂಕಿ ಐವತ್ತೈವತ್ತಾಗಿ ಏರಿದಾಗ ಮಂಡಿಯ ಹುಡುಗರನ್ನೆಲ್ಲ ಕರೆದು ತೋರಿಸಿದೆ.

ಜಿ.711 (ದನಿಯನ್ನು ಡೇಟಾ ಮಾಡುವ ಕ್ರಮ) ಕಾಲ್ ಒಂದಕ್ಕೆ ಸುಮಾರು 87 ಕೆಬಿಪಿಎಸ್. ಎಲ್ಲ ಫೋನ್ ಒಟ್ಟಿಗೆ ಎದ್ದರೂ ಎರಡು ಎಂಬಿಪಿಎಸ್ ದಾಟಲ್ಲ. ನಾನು ಸಿಬಿಎಸ್‌ನ ಐಡಲ್‌ಸ್ಲೋಪ್ (ದನಿಯ ಕ್ಯೂಗೆ ಮೀಸಲಿಡುವ ವೇಗ, ಕೆಬಿಪಿಎಸ್‌ನಲ್ಲಿ) 4000 ಇಟ್ಟಿದ್ದೇನೆ, ಅದರಿಂದ ಪೋರ್ಟಿನ ವೇಗ ಕಳೆದು ಬರುವ ಸೆಂಡ್‌ಸ್ಲೋಪ್ ಮೈನಸ್ 96000. ಪರೀಕ್ಷೆಗೆ ಅಂತ 1000 ಇಟ್ಟೂ ನೋಡಿದೆ, ಹತ್ತು ಹನ್ನೊಂದು ಕಾಲ್ ದಾಟಿದ ಮೇಲೆ ಆದ್ಯತೆ ಇದ್ದ ಫೋನ್‌ಗಳೇ ತಡವರಿಸಿದವು. ಸಿಬಿಎಸ್‌ಗೇ ಕೊಡುವ ಇನ್ನೊಂದು ಅಂಕಿ, ಹೈಕ್ರೆಡಿಟ್, ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಮಧ್ಯೆ ಇನ್ನೊಂದು ಪ್ರಯೋಗ. ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿ ಸಾಗಿಸುವ ಟಿಎಸ್‌ಒ, ಜಿಆರ್‌ಒ ಆನ್ ಇದ್ದರೆ 64 ಕೆಬಿ ತನಕ ಒಂದೇ ಮುದ್ದೆಯಾಗಿ ಕಾರ್ಡಿಗೆ ಹೋಗಬಹುದು. 100 ಎಂಬಿಪಿಎಸ್‌ನಲ್ಲಿ ಅದು ಖಾಲಿಯಾಗಲು 5 ಮಿಲಿಸೆಕೆಂಡ್ ಮೇಲೆ ಬೇಕು. ಎರಡನ್ನೂ ಆಫ್ ಮಾಡಿದೆ. ಸಿಪಿಯು ಸ್ವಲ್ಪ ಜಾಸ್ತಿ ದುಡಿಯುತ್ತದೆ, ಆದರೆ ಜಿಟ್ಟರ್ (ಪ್ಯಾಕೆಟ್ ತಲುಪುವ ಸಮಯದ ಏರುಪೇರು) ಕಣ್ಣಿಗೆ ಕಾಣುವಷ್ಟು ಇಳಿಯಿತು. ಕ್ಯಾಮೆರಾ, ಬ್ಯಾಕಪ್ ಇರುವ ಕ್ಯೂಗಳ ಕೆಳಗೆ, ಸಮನಾಗಿ ಹಂಚಿ ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಎಫ್‌ಕ್ಯೂ ಕೋಡೆಲ್ ಹಾಕಿದ್ದೇನೆ.

ಮೊದಲು ಬ್ಯಾಕಪ್ ಓಡುವಾಗ ದನಿಯ ಪ್ಯಾಕೆಟ್‌ಗಳು 200 ಮಿಲಿಸೆಕೆಂಡಿಗೂ ಮೇಲೆ ತಡವಾಗುತ್ತಿದ್ದವು. ಈಗ ನಮ್ಮ ಕಡೆಯಿಂದ ಸೇರುವ ತಡ ಎರಡು ಮೂರು ಮಿಲಿಸೆಕೆಂಡ್, ಅಷ್ಟೇ. ಒಟ್ಟು ಖರ್ಚು, ಉಪಯೋಗಕ್ಕೆ ಬಾರದ ಐ350 ಸೇರಿಸಿ, ಆರೇಳು ಸಾವಿರ. ಇದು ಅಪ್‌ಲೋಡಿಗೆ ಮಾತ್ರ. ಒಳಗೆ ಬರುವ ಟ್ರಾಫಿಕ್ ಆಚೆ ಕಡೆಯೇ ಸಾಲುಗಟ್ಟಿರುತ್ತದೆ, ಅದಕ್ಕೆ ಈ ಕಾರ್ಡಿನಿಂದ ಏನೂ ಆಗಲ್ಲ.

ಮುಂದಿನ ಕೆಲಸ ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ. ಅಲ್ಲಿ ಲೈನು 50 ಎಂಬಿಪಿಎಸ್. ಪೋರ್ಟನ್ನು 100ಕ್ಕೆ ಇಳಿಸಿದರೆ ಸಾಲದು, 10ಕ್ಕೆ ಇಳಿಸಿದರೆ ಕ್ಯಾಮೆರಾಗಳಿಗೆ ಸಾಕಾಗಲ್ಲ. ಹಾಗಾಗಿ ಅಲ್ಲಿ ಹಾರ್ಡ್‌ವೇರ್ ಕ್ಯೂ ಬಿಟ್ಟು ಸುಮ್ನೆ ಸಾಫ್ಟ್‌ವೇರಿನಲ್ಲೇ ವೇಗ ಕಟ್ಟುವ ಲಿನಕ್ಸಿನ ಕೇಕ್ ಹಾಕಿ, 45 ಎಂಬಿಪಿಎಸ್‌ಗೆ ಕಟ್ಟುತ್ತೇನೆ.