ಡೈರಿ ಜಗಲಿಯಲ್ಲಿ ಬಿಪಿ ಮಾತ್ರೆ: ಮುಳಬಾಗಿಲು ಸೀಮೆಯಲ್ಲಿ ನನ್ನ ಅನುಭವ

ಬಿಪಿ ಮತ್ತು ಸಕ್ಕರೆ ಕಾಯಿಲೆಯವರನ್ನು ಹುಡುಕಿ ಗುರುತಿಸುವ ಕೆಲಸ ಕೋಲಾರ ಜಿಲ್ಲೆಗೆ ಹೊಸದಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾದಾಗ ಕರ್ನಾಟಕದಿಂದ ಮೊದಲ ಸುತ್ತಿನಲ್ಲಿ ಸೇರಿದ ಜಿಲ್ಲೆಗಳಲ್ಲಿ ಇದೂ ಒಂದು. ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಮೊದಲು ಬಂದದ್ದೂ ಇಲ್ಲಿಗೇ. ಆಶಾ ಕಾರ್ಯಕರ್ತೆಯರು ಮೂವತ್ತು ದಾಟಿದವರ ಮನೆಗಳಿಗೆ ಹೋಗಿ ತಪಾಸಣೆ ಮಾಡಿದ್ದಾರೆ, ಹೆಸರು ಬರೆದಿದ್ದಾರೆ. ಆದ್ದರಿಂದ ಪಟ್ಟಿಗೆ ಕೊರತೆ ಇರಲಿಲ್ಲ. ಪಟ್ಟಿಯಲ್ಲಿದ್ದವರು ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ತಪ್ಪದೆ ಮಾತ್ರೆಗೆ ಬರುವಂತೆ ಮಾಡುವುದೇ ಎಲ್ಲರಿಗೂ ಬಿಡಿಸಲಾಗದ ಗಂಟಾಗಿತ್ತು. ನಮ್ಮ ಆರೋಗ್ಯ ಉಪಕೇಂದ್ರದ ಮಟ್ಟಿಗೆ ಆ ಗಂಟು ಬಿಡಿಸಿದ್ದೇವೆ ಎಂದು ಈಗ ಧೈರ್ಯವಾಗಿ ಬರೆಯಬಲ್ಲೆ. ಇದು ಆಗುವ ಕೆಲಸವಲ್ಲ ಎಂದವರೇ ಈಗ ನಾವು ಒಬ್ಬೊಬ್ಬ ಬಿಪಿಯವರಿಗೂ ಇಟ್ಟ ಕಾರ್ಡಿನ ಮಾದರಿ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ನಾನು ನರಸಾಪುರ ಕೈಗಾರಿಕಾ ಪ್ರದೇಶದ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸರಬರಾಜು ಯೋಜನೆಯ ಕೆಲಸ ಮಾಡುವವಳು. ಯಾವ ಬಿಡಿಭಾಗ ಯಾವ ದಿನ ಎಷ್ಟು ಬೇಕು, ಗೋದಾಮಿನಲ್ಲಿ ಎಷ್ಟು ಉಳಿದಾಗ ಮುಂದಿನ ಆರ್ಡರ್ ಹೋಗಬೇಕು ಎಂಬ ಲೆಕ್ಕವೇ ನನ್ನ ಹೊಟ್ಟೆಪಾಡು. ನಮ್ಮ ಕಂಪನಿ ಪ್ರತಿ ವರ್ಷ ಕೆಲವರನ್ನು ಸಂಬಳ ಸಹಿತ ಆರು ತಿಂಗಳು ಸ್ವಯಂಸೇವೆಗೆ ಕಳಿಸುತ್ತದೆ. ಹಾಗೆ ನಾನು ಬಂದದ್ದು ಮುಳಬಾಗಿಲು ಸೀಮೆಯ ಈ ಉಪಕೇಂದ್ರಕ್ಕೆ. ಸ್ವಯಂಸೇವೆಗೆ ಹೋಗುವ ನೌಕರರ ಸಮಯಕ್ಕೆ ಬೆಲೆ ಕಟ್ಟಿ ಅದನ್ನು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಖರ್ಚಿನಲ್ಲಿ ತೋರಿಸುವಂತಿಲ್ಲ ಎಂದು ಸರ್ಕಾರ 2021ರಲ್ಲಿ ಸ್ಪಷ್ಟಪಡಿಸಿದೆ. ಅಂದರೆ ನನ್ನ ಸಂಬಳ ಕಂಪನಿಗೆ ನೇರ ಖರ್ಚು. ಹೀಗಾಗಿ ಯೋಜನೆಗೆಂದು ಪ್ರತ್ಯೇಕ ಹಣ ಕೇಳಿದಾಗ ಮೇಲಿನವರು ಕೈ ಬಿಗಿ ಹಿಡಿಯುತ್ತಾರೆ. ನನಗೆ ಸಿಕ್ಕಿದ್ದು ಎಲ್ಲ ಸೇರಿ ಅರವತ್ತು ಸಾವಿರದ ಆಸುಪಾಸು.

ತಯಾರಿಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಕಂಪನಿ ಕೊಟ್ಟ ತರಬೇತಿಯಲ್ಲಿ ಹಳ್ಳಿಯವರೊಂದಿಗೆ ಹೇಗೆ ಬೆರೆಯಬೇಕು ಎಂಬ ಚಿತ್ರಗಳಿದ್ದವು, ಉಪಕೇಂದ್ರದ ದಾಸ್ತಾನು ಪುಸ್ತಕ ಹೇಗಿರುತ್ತದೆ ಎಂಬುದು ಇರಲಿಲ್ಲ. ಅನುಮತಿ ಪತ್ರ ಕೈಗೆ ಬಂದ ಕೂಡಲೇ, ನಿಯೋಜನೆ ಶುರುವಾಗುವುದಕ್ಕೆ ಮೊದಲೇ, ನಾನು ರಜೆಯ ಶನಿವಾರಗಳನ್ನು ಆ ಪುಸ್ತಕದ ಮುಂದೆ ಕಳೆದೆ. ಬಿಪಿ ನೋಡುವ ಕೈ ಕುದುರಿಸಿಕೊಳ್ಳಲು ನಮ್ಮ ಕಾರ್ಖಾನೆಯ ಪ್ರಥಮ ಚಿಕಿತ್ಸಾ ಕೋಣೆಯ ಸಿಸ್ಟರ್ ಬಳಿ ಪಾಳಿ ಬದಲಾಗುವ ಹೊತ್ತಿಗೆ ಕುಳಿತೆ. ತುಮಕೂರು ಕಡೆಯವಳಾದ ನನಗೆ ತೆಲುಗು ಬಾರದು. ಆಂಧ್ರ ಗಡಿಯ ನಂಗಲಿಯತ್ತ ಹೋದರೆ ಮನೆಮಾತು ಬಹುತೇಕ ತೆಲುಗೇ. ಊಟ, ನಿದ್ದೆ, ತಲೆಸುತ್ತು, ಕಾಲು ಊತ, ಮಾತ್ರೆ ಮುಗಿಯಿತೇ ಎಂದು ಕೇಳುವಷ್ಟು ತೆಲುಗನ್ನು ಹೊರಡುವ ಮೊದಲೇ ಕಲಿತದ್ದು ಇಡೀ ತರಬೇತಿಗಿಂತ ಹೆಚ್ಚು ಕೆಲಸಕ್ಕೆ ಬಂತು.

ತಾಲ್ಲೂಕು ಮಟ್ಟದ ಅಧಿಕಾರಿಯೊಬ್ಬರು ಪತ್ರವನ್ನು ಓದಿ, “ನೀವು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಅಲ್ಲಿ ಹೋಗಿ ಏನು ಮಾಡ್ತೀರಿ ಮೇಡಂ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಮಾತ್ರೆ ಬರೆಯುವುದು ವೈದ್ಯಾಧಿಕಾರಿ, ಕೊಡುವುದು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ. ಸ್ವಯಂಸೇವಕರು ಒಂದು ಮಾತ್ರೆಯನ್ನೂ ಮುಟ್ಟಿ ಕೊಡಬಾರದು, ನಾನು ಕೊಟ್ಟೂ ಇಲ್ಲ. ನನ್ನ ಪಾಲಿನ ಕೆಲಸ ದಾಸ್ತಾನು, ಕಾರ್ಡು ಮತ್ತು ದಿನಾಂಕ.

ದಾಸ್ತಾನು ಪುಸ್ತಕದಲ್ಲಿ ನನಗೆ ಕಂಡದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಪ್ರತಿ ತಿಂಗಳ ಇಂಡೆಂಟನ್ನು, ಅಂದರೆ ಮಾತ್ರೆಗಳ ಬೇಡಿಕೆ ಪತ್ರವನ್ನು, ಹಿಂದಿನ ತಿಂಗಳು ಎಷ್ಟು ಖರ್ಚಾಯಿತೋ ಅಷ್ಟಕ್ಕೆ ಹಾಕುವುದು ರೂಢಿ. ಒಂದು ತಿಂಗಳು ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಇಪ್ಪತ್ತನೇ ತಾರೀಖಿಗೇ ಮುಗಿಯಿತು ಎನ್ನಿ. ಆಮೇಲೆ ಬಂದವರೆಲ್ಲ ಬರಿಗೈಯಲ್ಲಿ ಹೋದರು. ಅವರು ಬಂದದ್ದು ಯಾವ ಕಾಲಂನಲ್ಲೂ ದಾಖಲಾಗಲಿಲ್ಲ. ಪುಸ್ತಕದ ಪ್ರಕಾರ ಖರ್ಚು ಕಡಿಮೆ, ಆದ್ದರಿಂದ ಮುಂದಿನ ಇಂಡೆಂಟೂ ಕಡಿಮೆ. ಬರಿಗೈಯಲ್ಲಿ ಹೋದವರಲ್ಲಿ ಅರ್ಧ ಜನ ಮತ್ತೆ ಬರಲಿಲ್ಲ, ಹಾಗಾಗಿ ಕಡಿಮೆ ಬಂದ ಮಾತ್ರೆಯೂ ಸಾಕಾದಂತೆ ಕಂಡಿತು. ಹೀಗೆ ತಿಂಗಳು ತಿಂಗಳೂ ಮಾತ್ರೆಯೂ ಇಳಿಯಿತು, ಜನರೂ ಇಳಿದರು, ಪುಸ್ತಕ ಮಾತ್ರ ಸರಿಯಾಗಿತ್ತು. “ಜನಕ್ಕೆ ತಿಳಿವಳಿಕೆ ಇಲ್ಲ, ಬರಲ್ಲ” ಎಂದು ಎಲ್ಲರೂ ಹೇಳುತ್ತಿದ್ದುದರ ಹಿಂದೆ ಈ ಲೆಕ್ಕವಿತ್ತು. ಕಾರ್ಖಾನೆಯಲ್ಲಿ ಬಿಡಿಭಾಗಗಳಿಗೂ ಇದೇ ಆಗುವುದನ್ನು ನಾನು ಹತ್ತು ವರ್ಷದಿಂದ ನೋಡಿದ್ದರಿಂದ ಒಂದೇ ಮಧ್ಯಾಹ್ನದಲ್ಲಿ ಇದು ಕಣ್ಣಿಗೆ ಬಿತ್ತು.

ಪರಿಹಾರ ಸರಳವಾದದ್ದು. ಇಂಡೆಂಟನ್ನು ಖರ್ಚಿನ ಮೇಲೆ ಹಾಕದೆ ಕಾರ್ಡುಗಳ ಮೇಲೆ ಹಾಕಿದೆವು: ದಿನಕ್ಕೊಂದು ಐದು ಮಿಲಿಗ್ರಾಂ ಮಾತ್ರೆಯವರು ಇಷ್ಟು ಜನ, ಜೊತೆಗೆ ಟೆಲ್ಮಿಸಾರ್ಟಾನ್ ಎಂಬ ಇನ್ನೊಂದು ಬಿಪಿ ಮಾತ್ರೆ ಬೇಕಾದವರು ಇಷ್ಟು ಜನ, ಮೂವತ್ತರಿಂದ ಗುಣಿಸು, ಮೇಲೆ ಸ್ವಲ್ಪ ಕಾಪು ದಾಸ್ತಾನು (ಕೊರತೆಯಾದರೆ ಇರಲಿ ಎಂದು ಇಡುವ ಹೆಚ್ಚುವರಿ) ಸೇರಿಸು. ನಮ್ಮ ಉಪಕೇಂದ್ರದ ವ್ಯಾಪ್ತಿ ಐದು ಸಾವಿರ ಜನಸಂಖ್ಯೆಗೆ ಹತ್ತಿರ, ಬಿಪಿಯವರ ಪಟ್ಟಿ ನಾನೂರರ ಆಸುಪಾಸು. ಎಲ್ಲರೂ ಬಂದರೆ ತಿಂಗಳಿಗೆ ಹನ್ನೆರಡು ಸಾವಿರ ಮಾತ್ರೆ ಬೇಕು, ಇಂಡೆಂಟಿನಲ್ಲಿ ಇದ್ದದ್ದು ಮೂರೂವರೆ ಸಾವಿರ. ಈ ಅಂತರವನ್ನು ಕಾಗದದ ಮೇಲೆ ಎದುರಿಗಿಟ್ಟಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳು ಮರುಮಾತಾಡದೆ ಸಹಿ ಹಾಕಿದರು. ಕಾಪು ದಾಸ್ತಾನು ಎಷ್ಟಿರಬೇಕು ಎಂಬ ಲೆಕ್ಕವನ್ನು ಇಲ್ಲಿ ಬಿಡಿಸಿಡುವುದಿಲ್ಲ. ಅದು ಒಂದೊಂದು ಕೇಂದ್ರಕ್ಕೆ ಒಂದೊಂದು, ನನ್ನ ಅಂಕಿಯನ್ನು ಹಾಗೇ ಎತ್ತಿಕೊಂಡರೆ ಕೆಡುತ್ತದೆ.

ಮಾತ್ರೆ ಬಂತು, ಜನ ಬರಬೇಕಲ್ಲ. ಮೊದಲು ಭಾನುವಾರದ ಶಿಬಿರ ಮಾಡಿದೆವು. ಶಾಮಿಯಾನ, ಮೈಕು, ಕಾಫಿ ಎಂದು ಏಳೆಂಟು ಸಾವಿರ ಹೋಯಿತು, ಬಂದವರಲ್ಲಿ ಹೆಚ್ಚಿನವರು ಬಿಪಿ ಇಲ್ಲದ ಗಟ್ಟಿಮುಟ್ಟಾದವರು. ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಕಳಿಸುವ ವ್ಯವಸ್ಥೆಗೆ ಐದು ಸಾವಿರ ಕೊಟ್ಟೆವು. ಮೊಬೈಲು ಮಗನ ಕೈಯಲ್ಲಿ, ಮಗ ಬೆಂಗಳೂರಿನಲ್ಲಿ. ತೆಲುಗಿನಲ್ಲಿ ಧ್ವನಿ ಸಂದೇಶ ಕಳಿಸಿದ್ದು ಇದಕ್ಕಿಂತ ಪರವಾಗಿಲ್ಲ ಎನಿಸಿತು, ಆದರೆ ಬೆಳಗಿನ ಹೊತ್ತು ಯಾರೂ ಕೇಳುವುದಿಲ್ಲ. ಟೊಮೆಟೊ ಬಿಡಿಸುವ ಕಾಲದಲ್ಲಂತೂ ಬೆಳಗಾಗುವ ಮೊದಲೇ ಊರು ಖಾಲಿ. ಉಪಕೇಂದ್ರದ ಬಾಗಿಲು ತೆರೆಯುವ ಹೊತ್ತಿಗೆ ಯಾರೂ ಇರುವುದಿಲ್ಲ, ಮುಚ್ಚಿದ ಮೇಲೆ ಎಲ್ಲರೂ ಇರುತ್ತಾರೆ.

ಅಷ್ಟಾದರೂ ಈ ಜನ ಒಂದು ಜಾಗಕ್ಕೆ ದಿನಕ್ಕೆ ಎರಡು ಸಲ, ಮಳೆ ಬರಲಿ ಹಬ್ಬ ಬರಲಿ, ಗಂಟೆ ಹೊಡೆದಂತೆ ಬರುತ್ತಾರೆ. ಅದು ಹಾಲಿನ ಡೈರಿ. ಸಮುದಾಯ ಆರೋಗ್ಯ ಅಧಿಕಾರಿಯವರೊಂದಿಗೆ ಕೂತು, ಸಂಜೆಯ ಹಾಲು ಹಾಕುವ ಹೊತ್ತಿಗೆ ಡೈರಿಯ ಜಗಲಿಯಲ್ಲೇ ಬಿಪಿ ನೋಡಿ ಮಾತ್ರೆ ಕೊಡುವುದೆಂದು ಗೊತ್ತುಮಾಡಿದೆವು. ಡೈರಿ ನಡೆಸುವ ಹಾಲಿನ ಸಂಘದ ಕಾರ್ಯದರ್ಶಿ ಮೊದಲು ಒಪ್ಪಲಿಲ್ಲ. ಹಾಲಿನ ಜಾಗದಲ್ಲಿ ಕಾಯಿಲೆಯ ಮಾತು ಬೇಡ ಎಂದರು. ಅವರನ್ನು ಯಾವ ಮಾತಿನಿಂದ ಒಪ್ಪಿಸಿದೆ ಎಂಬುದು ನನ್ನ ಬಳಿಯೇ ಇರಲಿ, ಪಕ್ಕದ ಊರಿನಲ್ಲಿ ಇನ್ನೂ ಅದೇ ಮಾತನ್ನು ಆಡಬೇಕಾಗಿದೆ. ಆಶಾ ಕಾರ್ಯಕರ್ತೆಯರೂ ಅನುಮಾನಪಟ್ಟರು, ಮತ್ತು ಅವರ ಅನುಮಾನದಲ್ಲಿ ಹುರುಳಿತ್ತು: ನಾಲ್ಕು ಜನರ ಎದುರಿಗೆ ಯಾರು ತಮ್ಮ ಕಾಯಿಲೆ ಹೇಳಿಕೊಳ್ಳುತ್ತಾರೆ? ಅದಕ್ಕೆ ನಾವು ಒಂದು ನಿಯಮ ಮಾಡಿ ಈವರೆಗೆ ಮುರಿದಿಲ್ಲ. ಬಿಪಿಯ ಅಂಕಿಯನ್ನು ಗಟ್ಟಿಯಾಗಿ ಹೇಳುವುದಿಲ್ಲ, ಕಾರ್ಡು ಮಗುಚಿ ಇಡುತ್ತೇವೆ, ಫೋಟೊ ತೆಗೆಯುವುದಿಲ್ಲ. ಸ್ವಯಂಸೇವೆಯ ಪುರಾವೆಗೆ ಫೋಟೊ ಬೇಕು ಎಂದು ಕಂಪನಿಯಿಂದ ಹಲವು ಸಲ ಕೇಳಿದರು; ಖಾಲಿ ಕುರ್ಚಿಯ ಫೋಟೊ ಕಳಿಸಿದೆ.

ಕುರ್ಚಿ ಎಂದೆನಲ್ಲ, ಅದಕ್ಕೂ ಕಾರಣವಿದೆ. ಮೊದಮೊದಲು ಡೈರಿಯಲ್ಲಿ ನೋಡಿದ ಬಿಪಿಯೆಲ್ಲ ಏರಿಯೇ ಬಂದವು. ಕ್ಯಾನು ಹೊತ್ತು ನಡೆದು ಬಂದವರು, ಸಾಲಿನಲ್ಲಿ ನಿಂತವರು, ಫ್ಯಾಟು ಕಡಿಮೆ ಬಂತೆಂದು ಜಗಳವಾಡಿ ಬಂದವರು, ಬಾಯಲ್ಲಿ ಹೊಗೆಸೊಪ್ಪು ಇರುವವರು. ಐದು ನಿಮಿಷ ಬೆನ್ನು ಒರಗಿಸಿ, ಕಾಲ ಮೇಲೆ ಕಾಲು ಹಾಕದೆ, ಮಾತಾಡದೆ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಎರಡು ಸಲ ನೋಡಬೇಕೆಂದು ನಮಗೆಲ್ಲ ಗೊತ್ತು. ಜಗಲಿಯ ಮೇಲೆ ಅದು ಆಗುವುದಿಲ್ಲ. ಕೈಯಿರುವ ಪ್ಲಾಸ್ಟಿಕ್ ಕುರ್ಚಿ ನಾಲ್ಕು ತಂದೆ, ಒಂದಕ್ಕೆ ಏಳುನೂರರಂತೆ. ಹಾಲು ಅಳೆದು ಚೀಟಿ ಪಡೆದ ಮೇಲೆ ಕುರ್ಚಿ, ಕುರ್ಚಿಯ ನಂತರ ಮೇಜು ಎಂಬ ಕ್ರಮ ಮಾಡಿದ ಮೇಲೆ ಅದೇ ಜನರ ಬಿಪಿಯ ಮೇಲಿನ ಅಂಕಿ ಹತ್ತು ಹದಿನೈದರಷ್ಟು ಇಳಿದದ್ದನ್ನು ಬಹಳ ಸಲ ಕಂಡಿದ್ದೇವೆ. ಇಷ್ಟು ಮಾಡದಿದ್ದರೆ ಹಲವರಿಗೆ ಬೇಡದ ಎರಡನೇ ಮಾತ್ರೆ ಶುರುವಾಗುತ್ತಿತ್ತು. ತೋಳು ದಪ್ಪವಿರುವವರಿಗೆ ಬಿಪಿ ಯಂತ್ರದ ತೋಳಿಗೆ ಸುತ್ತುವ ಪಟ್ಟಿ ದೊಡ್ಡದು ಬೇಕೇ ಬೇಕು, ಸಣ್ಣ ಪಟ್ಟಿಯಲ್ಲಿ ಬಿಪಿ ಹೆಚ್ಚು ತೋರಿಸುತ್ತದೆ. ಅದಕ್ಕೆ ಎಂಟುನೂರು ಆಯಿತು. ಯಂತ್ರಗಳು ಎರಡೂವರೆ ಸಾವಿರದಂತೆ ಮೂರು. ಮರುಚಾರ್ಜು ಮಾಡುವ ಸೆಲ್ ಹಾಕಿ ಹಣ ಉಳಿಸಲು ನೋಡಿದೆ. ಅವುಗಳ ವೋಲ್ಟೇಜು ಕಡಿಮೆಯಾದ್ದರಿಂದ ಯಂತ್ರ ಬೇಗನೆ ಬ್ಯಾಟರಿ ಮುಗಿಯಿತೆಂದು ಕೂಗುತ್ತದೆ. ಆಲ್ಕಲೈನ್ ಸೆಲ್ಲೇ ವಾಸಿ.

ಈಗ ದಿನಾಂಕದ ವಿಷಯ. ನಮ್ಮ ಊರಿನ ಸಂಘದಲ್ಲಿ ಹದಿನೈದು ದಿನಕ್ಕೊಮ್ಮೆ ಹಾಲಿನ ಹಣದ ಬಟವಾಡೆ. ಯಾವ ತಾರೀಖು ಮರೆತರೂ ಬಟವಾಡೆಯ ದಿನವನ್ನು ಯಾರೂ ಮರೆಯುವುದಿಲ್ಲ, ಅಂದು ಮನೆಯ ಯಜಮಾನತಿಯೇ ಖುದ್ದಾಗಿ ಲೆಕ್ಕ ಕೇಳಲು ಬರುತ್ತಾಳೆ. ಬಿಪಿಯವರನ್ನು ಎರಡು ಪಾಲು ಮಾಡಿ, ಅರ್ಧ ಜನರ ತಿಂಗಳ ಮಾತ್ರೆಯನ್ನು ಮೊದಲ ಬಟವಾಡೆಗೆ, ಉಳಿದರ್ಧವನ್ನು ಎರಡನೆಯದಕ್ಕೆ ಕಟ್ಟಿಹಾಕಿದೆವು. ಕಾರ್ಡುಗಳನ್ನು ಹೆಸರಿನ ಅನುಕ್ರಮದಲ್ಲಿ ಇಡದೆ, ಮುಂದೆ ಯಾವ ಬಟವಾಡೆಗೆ ಬರಬೇಕೋ ಡಬ್ಬದ ಆ ಖಾನೆಯಲ್ಲಿ ಇಡುತ್ತೇವೆ. ಬಂದವರ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ. ರಾತ್ರಿ ಬಾಗಿಲು ಹಾಕುವಾಗ ಖಾನೆಯಲ್ಲಿ ಉಳಿದ ಕಾರ್ಡುಗಳೇ ಮರುದಿನ ಆಶಾ ಕಾರ್ಯಕರ್ತೆ ಹೋಗಬೇಕಾದ ಮನೆಗಳ ಪಟ್ಟಿ. ಸರ್ಕಾರದ ಪೋರ್ಟಲಿಗೆ ದಾಖಲಿಸುವುದು ಆಮೇಲೆ, ಸಿಗ್ನಲ್ ಸಿಕ್ಕಾಗ. ಡಬ್ಬ ನಮ್ಮ ಊರಿನ ಬಡಗಿಯೇ ಮಾಡಿಕೊಟ್ಟದ್ದು, ಮಜೂರಿ ಸೇರಿ ಸಾವಿರದ ಇನ್ನೂರು.

ಡೈರಿಯ ಮಿತಿಯನ್ನೂ ಹೇಳಲೇಬೇಕು. ಹಸು ಇಲ್ಲದವರು ಡೈರಿಗೆ ಬರುವುದಿಲ್ಲ. ನಮ್ಮ ಪಟ್ಟಿಯಲ್ಲಿ ಅಂಥವರು ಮೂರನೇ ಒಂದು ಪಾಲು, ಬಹುತೇಕ ಕೂಲಿಯವರು, ಹೆಚ್ಚಿನವರು ಕಾಲೋನಿಯವರು. ಡೈರಿಯ ಯಶಸ್ಸು ನೋಡಿ ಅವರನ್ನು ಮರೆತರೆ ಮಾಡಿದ ಕೆಲಸಕ್ಕೆ ಅರ್ಥವಿಲ್ಲ. ಅವರಿಗಾಗಿ ನ್ಯಾಯಬೆಲೆ ಅಂಗಡಿಯ ದಿನ ಹಿಡಿದೆವು: ಅಕ್ಕಿಗೆ ಬೆರಳಚ್ಚು ಕೊಡಲು ಹೇಗೂ ಗಂಟೆಗಟ್ಟಲೆ ಕಾಯುತ್ತಾರೆ, ಆ ಹೊತ್ತಿನಲ್ಲಿ ಐದು ನಿಮಿಷದ ವಿಶ್ರಾಂತಿಯನ್ನು ಬೇರೆ ಹೇಳಬೇಕಾಗಿಲ್ಲ. ಇಲ್ಲಿನ ಹಾಜರಿ ಡೈರಿಯಷ್ಟು ಇನ್ನೂ ಏರಿಲ್ಲ, ಏಕೆಂದರೆ ಪಡಿತರ ಬರುವ ತಾರೀಖು ತಿಂಗಳಿಂದ ತಿಂಗಳಿಗೆ ಸರಿಯುತ್ತದೆ.

ನಡುವೆ ಉಪ್ಪಿನ ಪ್ರಯೋಗವೊಂದನ್ನೂ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ ಐದು ಗ್ರಾಂ ಒಳಗೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಆರುನೂರು ಗ್ರಾಂ. ಹತ್ತಾರು ಮನೆಗಳಿಗೆ ಒಂದೊಂದು ಕಿಲೋ ಪೊಟ್ಟಣ ಕೊಟ್ಟು, ಮುಗಿದ ದಿನ ಹೇಳಿ ಎಂದೆ. ಎರಡು ವಾರಕ್ಕೇ ಮುಗಿದ ಮನೆಗಳಿದ್ದವು. ಉಪ್ಸಾರು, ಉಪ್ಪಿನಕಾಯಿ ಎಂದು ಲೆಕ್ಕ ಹಾಕುತ್ತಿದ್ದಾಗ ಅಜ್ಜಿಯೊಬ್ಬರು, “ಹಸೂಗೂ ಹಾಕ್ತೀವಲ್ಲಮ್ಮಾ, ಕಲಗಚ್ಚಿಗೆ ಉಪ್ಪು ಇಲ್ದಿದ್ರೆ ಮೂತಿ ಇಡಲ್ಲ” ಎಂದರು. ದನದ ಉಪ್ಪಿಗೆ ಬೇರೆ ಡಬ್ಬ ಇಟ್ಟು ಮತ್ತೆ ಶುರುಮಾಡಿದ್ದೇವೆ. ಲೆಕ್ಕ ಇನ್ನೂ ಕೂಡಿಬಂದಿಲ್ಲ, ಆದರೆ ಮನುಷ್ಯರ ಡಬ್ಬವೂ ತಿಂಗಳು ಬರುತ್ತಿಲ್ಲ.

ಫಲಿತಾಂಶವನ್ನು ನೆನಪಿನಿಂದ ಹೇಳುವುದಾದರೆ, ನಾನು ಬಂದಾಗ ಪಟ್ಟಿಯ ನಾಲ್ವರಲ್ಲಿ ಒಬ್ಬರು ಮಾತ್ರ ತಿಂಗಳು ತಪ್ಪದೆ ಮಾತ್ರೆ ಪಡೆಯುತ್ತಿದ್ದರು. ಈಗ ಮೂವರಲ್ಲಿ ಇಬ್ಬರು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಬಿಪಿ 140/90ರ ಕೆಳಗಿದೆ. ಈ ಸೀಮೆಯಲ್ಲಿ ಇಷ್ಟು ಕಡಿಮೆ ಹಣದಲ್ಲಿ ಇಷ್ಟನ್ನು ಬೇರೆ ಯಾರೂ ಮಾಡಿದ್ದನ್ನು ನಾನು ನೋಡಿಲ್ಲ. ಕಂಪನಿಯ ಅರವತ್ತು ಸಾವಿರದ ಮೇಲೆ, ಮುಳಬಾಗಿಲಿನ ಬಾಡಿಗೆ ಮನೆ ಮತ್ತು ಪೆಟ್ರೋಲು ಸೇರಿ ನನ್ನ ಕೈಯಿಂದ ನಲವತ್ತು ಸಾವಿರದಷ್ಟು ಹೋಗಿದೆ. ಶಿಬಿರ ಮತ್ತು ಸಂದೇಶದ ಹಣ ಉಳಿದಿದ್ದರೆ ಇನ್ನೂ ಒಂದು ಡೈರಿಗೆ ಆಗುತ್ತಿತ್ತು.

ನನ್ನ ಅವಧಿ ಮುಗಿಯುತ್ತಾ ಬಂದಿದೆ. ಇಂಡೆಂಟ್ ಲೆಕ್ಕವನ್ನು ಈಗ ಸಮುದಾಯ ಆರೋಗ್ಯ ಅಧಿಕಾರಿಯವರೇ ಹಾಕುತ್ತಿದ್ದಾರೆ, ಕಳೆದ ಎರಡು ತಿಂಗಳಿಂದ ನಾನು ಪಕ್ಕದಲ್ಲಿ ಕುಳಿತು ನೋಡಿದ್ದಷ್ಟೇ. ಬಟವಾಡೆಯ ಸಂಜೆ ಕುರ್ಚಿ ಹಾಕುವುದು, ತೆಗೆಯುವುದು ಸಂಘದ ಹಾಲು ಪರೀಕ್ಷಕರ ಪಾಲಿಗೆ ಬಂದಿದೆ. ಕಾರ್ಡಿನ ಮಾದರಿ ಬೇಕಾದವರಿಗೆ ಕೊಡುತ್ತೇನೆ, ಆದರೆ ಬರುವಾಗ ನಿಮ್ಮ ಉಪಕೇಂದ್ರದ ಕಳೆದ ಒಂದು ವರ್ಷದ ದಾಸ್ತಾನು ಪುಸ್ತಕದ ಪ್ರತಿ ತನ್ನಿ. ಅದನ್ನು ನೋಡದೆ ಖಾನೆಗಳನ್ನು ಹೇಗೆ ಹಂಚಬೇಕೆಂದು ಹೇಳಲಾರೆ.