ಅರ್ಜಿ ತಿರಸ್ಕೃತವಾಯಿತೇ? ಅಂಗವೈಕಲ್ಯ ನೆರವಿನ ಮೇಲ್ಮನವಿಗೆ ಸಾಕ್ಷ್ಯ ಕೂಡಿಸುವ ಬಗೆ

‘ಅರ್ಜಿದಾರರು ಯಾರ ನೆರವೂ ಇಲ್ಲದೆ ಕೊಠಡಿಯೊಳಗೆ ನಡೆದು ಬಂದರು.’

ನನ್ನ ಅಕ್ಕನ ಅರ್ಜಿಯನ್ನು ತಳ್ಳಿಹಾಕಿದ ಪತ್ರದಲ್ಲಿದ್ದ ಸಾಲು ಇದು. ಸುಳ್ಳೇನಲ್ಲ, ಅವಳು ನಡೆದೇ ಹೋಗಿದ್ದಳು. ಆದರೆ ತಪಾಸಣೆ ಇದ್ದದ್ದು ಮಧ್ಯಾಹ್ನ ಮೂರು ಗಂಟೆಗೆ. ಸಂಧಿವಾತ ಹಿಡಿದ ಅವಳ ಕೈಕಾಲಿನ ಗಂಟುಗಳು ಬೆಳಿಗ್ಗೆ ಎದ್ದು ಎರಡು ತಾಸು ಕಳೆಯುವವರೆಗೆ ಮಡಚಲು ಬರುವುದಿಲ್ಲ. ಅದನ್ನು ಅಲ್ಲಿ ಯಾರೂ ಕೇಳಲಿಲ್ಲ, ನಾವೂ ಬರೆದು ಕೊಟ್ಟಿರಲಿಲ್ಲ. ನಮ್ಮ ಕಡತದಲ್ಲಿ ರಕ್ತಪರೀಕ್ಷೆಯ ವರದಿಗಳಿದ್ದವು, ಎಕ್ಸ್‌ರೇಗಳಿದ್ದವು, ಹತ್ತು ವರ್ಷಗಳ ಔಷಧ ಚೀಟಿಗಳಿದ್ದವು. ಒಂದು ಲೋಟ ನೀರು ಎತ್ತಲು ಅವಳಿಗೆ ಎರಡೂ ಅಂಗೈ ಬೇಕು ಎಂಬ ಮಾತು ಮಾತ್ರ ಎಲ್ಲಿಯೂ ಇರಲಿಲ್ಲ.

ಮೇಲ್ಮನವಿ ಸೋಲುವುದು ಬಹಳ ಸಲ ಇಂಥ ಜಾಗದಲ್ಲೇ. ನಾವು ರೋಗವನ್ನು ಸಾಬೀತುಪಡಿಸಲು ಹೊರಡುತ್ತೇವೆ. ರೋಗ ಇದೆಯೆಂಬುದನ್ನು ಕಚೇರಿ ಆಗಲೇ ಒಪ್ಪಿಕೊಂಡಿರುತ್ತದೆ. ಅದು ಕೇಳುವ ಪ್ರಶ್ನೆ ಬೇರೆ: ಈ ರೋಗದಿಂದ ನಿಮಗೆ ಏನು ಮಾಡಲು ಆಗುವುದಿಲ್ಲ? ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ಅಂಗವೈಕಲ್ಯ ವರ್ಗೀಕರಣವೂ ದೇಹದಲ್ಲಿನ ಕೊರತೆ, ದಿನನಿತ್ಯದ ಚಟುವಟಿಕೆ, ಸಮಾಜದಲ್ಲಿ ಬೆರೆತು ಬಾಳುವುದು ಈ ಮೂರನ್ನೂ ಬೇರೆ ಬೇರೆಯಾಗಿಯೇ ನೋಡುತ್ತದೆ. ಎಕ್ಸ್‌ರೇ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ಉಳಿದ ಎರಡಕ್ಕೆ ಉತ್ತರವನ್ನು ನೀವೇ ಕೂಡಿಸಬೇಕು.

ಮೊದಲು ಪತ್ರ, ಆಮೇಲೆ ದುಃಖ

ತಿರಸ್ಕಾರ ಪತ್ರ ಬಂದ ದಿನ ಅದನ್ನು ಮಡಚಿ ಕಪಾಟಿನೊಳಗೆ ಇಡಬೇಕು ಅನ್ನಿಸುತ್ತದೆ. ದಯವಿಟ್ಟು ಇಡಬೇಡಿ. ಪತ್ರದ ಮೇಲಿನ ದಿನಾಂಕ, ಅದು ನಿಮ್ಮ ಕೈಸೇರಿದ ದಿನಾಂಕ ಎರಡನ್ನೂ ಗುರುತು ಹಾಕಿಕೊಳ್ಳಿ. ಬಂದ ಲಕೋಟೆಯನ್ನೂ ಎಸೆಯಬೇಡಿ, ಅಂಚೆಯ ಮುದ್ರೆಯೇ ನಿಮ್ಮ ಪರವಾಗಿ ಮಾತನಾಡುವ ದಿನ ಬರಬಹುದು. ಗಡುವು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆಯಲ್ಲಿ ಪತ್ರ ತಲುಪಿದ ಮೇಲೆ 60 ದಿನ. ಪತ್ರದ ದಿನಾಂಕದಿಂದ ಐದನೇ ದಿನ ಅದು ನಿಮ್ಮ ಕೈಸೇರಿತು ಎಂದು ಇಲಾಖೆ ಎಣಿಸುತ್ತದೆ. ಬ್ರಿಟನ್ನಿನಲ್ಲಿ ಮೊದಲು ಮರುಪರಿಶೀಲನೆ ಕೇಳಬೇಕು, ಅದಕ್ಕೆ ಸಾಮಾನ್ಯವಾಗಿ ಒಂದು ತಿಂಗಳು. ಅದರ ಫಲಿತಾಂಶ ಬಂದ ಮೇಲೆ ನ್ಯಾಯಮಂಡಳಿಗೆ ಹೋಗಲು ಮತ್ತೊಂದು ತಿಂಗಳು. ಭಾರತದಲ್ಲಿ ಅಂಗವೈಕಲ್ಯ ಪ್ರಮಾಣಪತ್ರದ ಬಗ್ಗೆ ತಕರಾರಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್ ಮೇಲ್ಮನವಿಗೆ ದಾರಿ ಕೊಟ್ಟಿದೆ. ನಿಮಗೆ ಅನ್ವಯಿಸುವ ಗಡುವು ಯಾವುದು, ಯಾರಿಗೆ ಬರೆಯಬೇಕು ಎಂಬುದನ್ನು ಪತ್ರದ ಕೊನೆಯ ಪುಟದಲ್ಲಿ ಹುಡುಕಿ. ಅಲ್ಲಿ ಇಲ್ಲದಿದ್ದರೆ ಕಚೇರಿಯಿಂದಲೇ ಲಿಖಿತವಾಗಿ ಕೇಳಿ.

ಸಾಕ್ಷ್ಯವೆಲ್ಲ ಕೈಸೇರಲಿ ಎಂದು ಮೇಲ್ಮನವಿಯನ್ನೇ ತಡಮಾಡುವುದು ದೊಡ್ಡ ತಪ್ಪು. ಮನವಿಯನ್ನು ಗಡುವಿನೊಳಗೆ ಸಲ್ಲಿಸಿ, ‘ಹೆಚ್ಚಿನ ದಾಖಲೆಗಳನ್ನು ನಂತರ ಒದಗಿಸುತ್ತೇನೆ’ ಎಂದು ಅದರಲ್ಲೇ ಬರೆಯಿರಿ. ದಾಖಲೆ ಕೊಡಲು ಕೊನೆಯ ದಿನ ಯಾವುದು ಎಂದೂ ಕೇಳಿಕೊಳ್ಳಿ.

ಈಗ ಪೆನ್ಸಿಲ್ ಹಿಡಿದು ಪತ್ರವನ್ನು ಮತ್ತೊಮ್ಮೆ ಓದಿ. ನಿರಾಕರಣೆಗೆ ಕೊಟ್ಟ ಒಂದೊಂದು ಕಾರಣಕ್ಕೂ ಸಂಖ್ಯೆ ಹಾಕಿ. ಇನ್ನು ಮುಂದೆ ನೀವು ಕೂಡಿಸುವ ಪ್ರತಿ ಹಾಳೆಯೂ ಈ ಸಂಖ್ಯೆಗಳಲ್ಲಿ ಒಂದಕ್ಕೆ ಉತ್ತರವಾಗಿರಬೇಕು. ಯಾವ ಸಂಖ್ಯೆಗೂ ಹೊಂದದ ಹಾಳೆ ಎಷ್ಟೇ ದೊಡ್ಡ ಆಸ್ಪತ್ರೆಯದಾದರೂ ಬದಿಗಿಡಿ.

ಅಳೆಯುವ ಕೋಲು ಯಾವುದು?

ಕಾರಣಗಳ ಜೊತೆಗೆ ಮಾನದಂಡವೂ ಗೊತ್ತಿರಬೇಕು. ಭಾರತದಲ್ಲಿ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ 40ರ ಅಂಗವೈಕಲ್ಯ ಎಂಬ ಗೆರೆ ಇದೆ. ಹಾಗಾಗಿ ಅಲ್ಲಿ ತಕರಾರು ಹುಟ್ಟುವುದು ಅಳತೆಯ ಬಗ್ಗೆ: ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿನ ಬಲ ಎಷ್ಟು, ಶ್ರವಣ ಪರೀಕ್ಷೆಯ ನಕ್ಷೆ ಏನು ಹೇಳುತ್ತದೆ. ಅಮೆರಿಕದಲ್ಲಿ ಮುಖ್ಯ ಪ್ರಶ್ನೆ ದುಡಿಮೆಯದು. ಕನಿಷ್ಠ 12 ತಿಂಗಳು ಉಳಿಯುವ ಅಥವಾ ಪ್ರಾಣಕ್ಕೇ ಎರವಾಗಬಲ್ಲ ಸ್ಥಿತಿಯಿಂದ ಕೆಲಸ ಮಾಡಲಾಗುತ್ತಿಲ್ಲ ಎಂದು ತೋರಿಸಬೇಕು. ಬ್ರಿಟನ್ನಿನ ‘ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್’ ಎಂಬ ಅಂಗವೈಕಲ್ಯ ನೆರವಿನ ನಿಯಮ ಅಡುಗೆ, ಸ್ನಾನ, ಉಡುಪು, ಓಡಾಟ ಮುಂತಾದ ಕೆಲಸಗಳನ್ನು ಒಂದೊಂದಾಗಿ ತೂಗುತ್ತದೆ.

ಆ ಬ್ರಿಟಿಷ್ ನಿಯಮದಲ್ಲಿ ಎಲ್ಲ ದೇಶದವರೂ ಎರವಲು ಪಡೆಯಬಹುದಾದ ನಾಲ್ಕು ಪ್ರಶ್ನೆಗಳಿವೆ. ಆ ಕೆಲಸವನ್ನು ಅಪಾಯವಿಲ್ಲದೆ ಮಾಡಬಲ್ಲಿರಾ? ಒಪ್ಪುವಷ್ಟು ಚೆನ್ನಾಗಿ ಮಾಡಬಲ್ಲಿರಾ? ಬೇಕಾದಷ್ಟು ಸಲ ಮಾಡಬಲ್ಲಿರಾ? ತಕ್ಕ ಸಮಯದೊಳಗೆ ಮಾಡಬಲ್ಲಿರಾ? ಅಂಗವೈಕಲ್ಯ ಇಲ್ಲದವರಿಗೆ ಹಿಡಿಯುವ ಗರಿಷ್ಠ ಸಮಯದ ಎರಡು ಪಟ್ಟು ಮೀರಿದರೆ ಅದು ತಕ್ಕ ಸಮಯವಲ್ಲ ಎಂದು ಅಲ್ಲಿನ ನಿಯಮ ಹೇಳುತ್ತದೆ. ನಿಮ್ಮ ದೇಶದ ಕಾನೂನಿನಲ್ಲಿ ಈ ಮಾತುಗಳು ಇಲ್ಲದಿರಬಹುದು. ಆದರೂ ‘ಮೆಟ್ಟಿಲು ಹತ್ತುತ್ತೀರಾ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಸುಮ್ಮನಾಗುವ ಬದಲು, ‘ಹತ್ತುತ್ತೇನೆ, ದಿನಕ್ಕೆ ಒಮ್ಮೆ, ಕಂಬಿ ಹಿಡಿದು, ನಡುವೆ ಎರಡು ಕಡೆ ನಿಂತು, ಮತ್ತೊಮ್ಮೆ ಹತ್ತಲಾರೆ’ ಎನ್ನುವುದನ್ನು ಈ ನಾಲ್ಕು ಪ್ರಶ್ನೆಗಳು ಕಲಿಸುತ್ತವೆ.

ಅವರ ಬಳಿ ಇರುವುದನ್ನು ಕೇಳಿ ಪಡೆಯಿರಿ

ನಿಮ್ಮನ್ನು ತಪಾಸಣೆ ಮಾಡಿದವರು ಬರೆದ ಪೂರ್ಣ ವರದಿಯ ಪ್ರತಿ ನಿಮಗೆ ಬೇಕೇ ಬೇಕು. ತಿರಸ್ಕಾರ ಪತ್ರದಲ್ಲಿ ಅದರ ಎರಡು ಸಾಲು ಮಾತ್ರ ಇರುತ್ತದೆ. ಅಕ್ಕನ ವರದಿ ಕೈಗೆ ಬಂದಾಗ ಮುಷ್ಟಿಯ ಬಲ ಅಳೆದ ಅಂಕಣ ಖಾಲಿ ಇತ್ತು. ನೇರವಾಗಿ ಕೈಯ ಕೆಲಸಕ್ಕೆ ಸಂಬಂಧಿಸಿದ ಪರೀಕ್ಷೆಯೇ ನಡೆದಿರಲಿಲ್ಲ. ಮೇಲ್ಮನವಿಯಲ್ಲಿ ನಾವು ಮೊದಲು ಬರೆದದ್ದು ಅದನ್ನೇ.

ಆಸ್ಪತ್ರೆಯ ದಾಖಲೆ ಕೇಳಲು ಸಂಕೋಚ ಬೇಡ, ಅದು ನಿಮ್ಮದೇ ದೇಹದ ಕಥೆ. ಭಾರತದ ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಪ್ರಕಾರ, ಒಳರೋಗಿಯಾಗಿದ್ದಾಗಿನ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಒದಗಿಸಬೇಕು. ಅಮೆರಿಕದಲ್ಲಿ ಇದಕ್ಕೆ ಸಾಮಾನ್ಯವಾಗಿ 30 ದಿನ, ಬ್ರಿಟನ್ನಿನಲ್ಲಿ ಒಂದು ತಿಂಗಳು. ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಬಂದ ಕಟ್ಟಿನಲ್ಲಿ ವೈದ್ಯರ ಸಹಿಗಿಂತ ಫಿಸಿಯೋಥೆರಪಿಯವರ ಟಿಪ್ಪಣಿ, ದಾದಿಯರ ದಿನವಹಿ, ಡಿಸ್ಚಾರ್ಜ್ ಸಾರಾಂಶದ ಕೊನೆಯ ಸಾಲುಗಳನ್ನು ಗಮನವಿಟ್ಟು ಓದಿ. ‘ಹಾಸಿಗೆಯಿಂದ ಏಳಲು ಒಬ್ಬರ ಆಸರೆ ಬೇಕು’ ಎಂಬಂಥ ಬಂಗಾರದ ಸಾಲುಗಳು ಅಲ್ಲಿ ಅಡಗಿರುತ್ತವೆ.

ವೈದ್ಯರಿಂದ ಪತ್ರ

‘ಇವರು ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ, ದಯವಿಟ್ಟು ನೆರವು ನೀಡಿ’ ಎಂಬ ಎರಡು ಸಾಲಿನ ಪತ್ರ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ವೈದ್ಯರದು ತಪ್ಪಲ್ಲ. ಏನು ಬರೆಯಬೇಕೆಂದು ನಾವು ಅವರಿಗೆ ಹೇಳಿರುವುದಿಲ್ಲ. ಹತ್ತು ನಿಮಿಷದ ಭೇಟಿಯಲ್ಲಿ ನಿಮ್ಮ ಸ್ನಾನದ ಮನೆಯಲ್ಲಿ ಏನಾಗುತ್ತದೆ ಎಂದು ಅವರಿಗೆ ಹೇಗೆ ತಿಳಿಯಬೇಕು?

ಒಂದು ಪುಟದಲ್ಲಿ ಪ್ರಶ್ನೆಗಳನ್ನು ಬರೆದು ಒಯ್ಯಿರಿ. ಎಷ್ಟು ಹೊತ್ತು ಕೂರಬಲ್ಲರು, ನಿಲ್ಲಬಲ್ಲರು? ನಿಲ್ಲದೆ ಎಷ್ಟು ದೂರ ನಡೆಯಬಲ್ಲರು? ಎಷ್ಟು ಭಾರ ಎತ್ತಬಲ್ಲರು, ದಿನಕ್ಕೆ ಎಷ್ಟು ಸಲ? ಔಷಧದಿಂದ ಮಂಪರು, ವಾಕರಿಕೆ ಇದೆಯೇ? ಈ ಸ್ಥಿತಿ ಯಾವಾಗಿನಿಂದ ಇದೆ, ಮುಂದೆ ಎಷ್ಟು ಕಾಲ ಇರಬಹುದು? ಪ್ರತಿ ಉತ್ತರಕ್ಕೂ ಯಾವ ಪರೀಕ್ಷೆ ಅಥವಾ ಎಷ್ಟು ವರ್ಷಗಳ ಒಡನಾಟ ಆಧಾರ ಎಂಬ ಒಂದು ಸಾಲು ಸೇರಿಸುವಂತೆ ಕೋರಿಕೊಳ್ಳಿ. ತಿರಸ್ಕಾರ ಪತ್ರದ ಪ್ರತಿಯನ್ನೂ ಅವರ ಮುಂದಿಡಿ. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆಯಬಲ್ಲರು ಎಂದು ನೋಡುವ ಪರೀಕ್ಷೆ, ಮುಷ್ಟಿಬಲವನ್ನು ಕಿಲೋಗ್ರಾಂನಲ್ಲಿ ತೋರಿಸುವ ಉಪಕರಣ, ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇವೆಲ್ಲ ದುಬಾರಿ ಯಂತ್ರಗಳನ್ನು ಬೇಡುವುದಿಲ್ಲ. ‘ನೋವು ತೀವ್ರವಾಗಿದೆ’ ಎಂಬ ಮಾತಿಗಿಂತ ಒಂದು ಅಂಕಿ ದೂರ ಹೋಗುತ್ತದೆ.

ಮನಸ್ಸಿನ ಕಾಯಿಲೆಗೆ ಇಂಥ ಅಂಕಿ ಸಿಗುವುದು ಕಷ್ಟ. ಆದರೆ ಮಾಪಕಗಳು ಅಲ್ಲಿಯೂ ಇವೆ. ಭಾರತದಲ್ಲಿ ಬಳಸುವ ‘ಐಡಿಯಾಸ್’ ಮಾಪಕ ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಬದಿಗಳಿಂದ ವ್ಯಕ್ತಿಯನ್ನು ನೋಡುತ್ತದೆ. ಯಾವ ಮಾಪಕ ಬಳಸಿದರು, ಅಂಕ ಎಷ್ಟು ಬಂತು ಎಂದು ಮನೋವೈದ್ಯರ ಪತ್ರದಲ್ಲಿ ಇರಲಿ.

ದಿನಚರಿ: ಯಾರೂ ಕೇಳದ, ಎಲ್ಲರಿಗೂ ಬೇಕಾದ ಸಾಕ್ಷ್ಯ

ನನ್ನ ಪಾಲಿಗೆ ಇಡೀ ಕಡತದ ಜೀವ ಇದೇ. ಒಂದು ಸಾಮಾನ್ಯ ನೋಟ್‌ಪುಸ್ತಕ ತೆಗೆದುಕೊಂಡು ಕನಿಷ್ಠ ಮೂರು-ನಾಲ್ಕು ವಾರ ಪ್ರತಿದಿನ ಬರೆಯಿರಿ. ಏನು ಬರೆಯಬೇಕು ತೋಚದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ‘ಹೂಡಾಸ್ 2.0’ ಪ್ರಶ್ನಾವಳಿಯ ಆರು ವಿಭಾಗಗಳನ್ನು ತಲೆಬರಹ ಮಾಡಿಕೊಳ್ಳಿ: ಗ್ರಹಿಕೆ, ಓಡಾಟ, ಸ್ವಂತ ಆರೈಕೆ, ಜನರೊಂದಿಗೆ ಹೊಂದಾಣಿಕೆ, ಮನೆ ಮತ್ತು ದುಡಿಮೆಯ ಕೆಲಸ, ಸಮಾಜದಲ್ಲಿ ಭಾಗವಹಿಸುವಿಕೆ. ಆ ಪ್ರಶ್ನಾವಳಿ ಕೇಳುವುದೂ ಹಿಂದಿನ 30 ದಿನಗಳ ಬಗ್ಗೆಯೇ.

‘ಇಂದು ತುಂಬಾ ನೋವು’ ಎಂದು ಬರೆದರೆ ಓದಿದವರಿಗೆ ಏನೂ ಕಾಣುವುದಿಲ್ಲ. ಅಕ್ಕನ ದಿನಚರಿಯ ಒಂದು ದಿನ ಹೀಗಿತ್ತು: ‘6.10ಕ್ಕೆ ಎಚ್ಚರ. 8ರವರೆಗೆ ಬೆರಳು ಮಡಚಲಿಲ್ಲ. ತಮ್ಮ ಬಂದು ಗುಂಡಿ ಹಾಕಿದ. ಸ್ನಾನಕ್ಕೆ ಸ್ಟೂಲ್ ಬೇಕಾಯಿತು, 50 ನಿಮಿಷ ಹಿಡಿಯಿತು, ಆಮೇಲೆ ಒಂದು ಗಂಟೆ ಮಲಗಿದೆ. ಮಧ್ಯಾಹ್ನ ಪರವಾಗಿಲ್ಲ, ಅಂಗಳದಲ್ಲಿ ಹತ್ತು ನಿಮಿಷ ನಡೆದೆ. ರಾತ್ರಿ ಬಾಗಿಲ ಚಿಲಕ ಹಾಕಲಾಗಲಿಲ್ಲ.’ ನಾನು ಅದೇ ಮನೆಯಲ್ಲಿ ಇದ್ದವನು. ಚಿಲಕದ ವಿಷಯ ನನಗೆ ಗೊತ್ತಾದದ್ದು ಆ ಪುಟ ಓದಿದ ಮೇಲೆ.

‘ಮಧ್ಯಾಹ್ನ ಪರವಾಗಿಲ್ಲ’ ಎಂಬ ಮಾತನ್ನು ಅಳಿಸಿಬಿಡೋಣವೇ ಎಂದು ಅವಳು ಕೇಳಿದ್ದಳು. ಅಳಿಸಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವಳು ನಡೆದುಹೋದದ್ದು ಏಕೆ ಸಾಧ್ಯವಾಯಿತು ಎಂಬುದಕ್ಕೆ ಆ ಸಾಲೇ ಉತ್ತರವಾಗಿತ್ತು. ಒಳ್ಳೆಯ ದಿನಗಳನ್ನು ಬರೆಯಿರಿ, ತಿಂಗಳಿಗೆ ಅಂಥವು ಎಷ್ಟು ಎಂದು ಎಣಿಸಿ, ಒಳ್ಳೆಯ ದಿನ ದುಡಿದದ್ದಕ್ಕೆ ಮರುದಿನ ತೆತ್ತ ಬೆಲೆಯನ್ನೂ ಬರೆಯಿರಿ. ಸ್ವತಃ ಬರೆಯಲಾಗದವರು ಮೊಬೈಲಿನಲ್ಲಿ ಹೇಳಿ ಧ್ವನಿಮುದ್ರಿಸಿ, ಮನೆಯವರು ಅಕ್ಷರಕ್ಕಿಳಿಸಿ ‘ಇವರು ಹೇಳಿದಂತೆ ಬರೆದಿದ್ದೇನೆ’ ಎಂದು ಸಹಿ ಹಾಕಬಹುದು.

ಒಂದು ಎಚ್ಚರಿಕೆ. ಹಲವು ಕಡೆ ಮೇಲ್ಮನವಿಯಲ್ಲಿ ನೋಡುವುದು ಮೂಲ ತೀರ್ಮಾನವಾದ ದಿನ ನಿಮ್ಮ ಸ್ಥಿತಿ ಹೇಗಿತ್ತು ಎಂಬುದನ್ನು. ಬ್ರಿಟನ್ನಿನ ಕಾನೂನು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ದಿನಚರಿ ಈಗಿನದಾಗಿದ್ದರೆ, ಆಗಲೂ ಹೀಗೇ ಇತ್ತು ಎಂದು ಜೋಡಿಸುವ ಒಂದು ಮಾತು ವೈದ್ಯರಿಂದಲೋ ಜೊತೆಯಲ್ಲಿರುವವರಿಂದಲೋ ಬೇಕು. ಅನಂತರ ಸ್ಥಿತಿ ಬಿಗಡಾಯಿಸಿದ್ದರೆ ಅದಕ್ಕೆ ಹೊಸ ಅರ್ಜಿಯೇ ಸರಿಯಾದ ದಾರಿಯಾಗಬಹುದು.

ಕಂಡವರ ಮಾತು

ಮನೆಯವರು, ನೆರೆಯವರು, ಹಿಂದಿನ ಸಹೋದ್ಯೋಗಿ, ಶಿಕ್ಷಕರು ಬರೆದ ಹೇಳಿಕೆಗೂ ಬೆಲೆ ಇದೆ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆದಿದ್ದರೆ. ‘ಅವರು ಬಹಳ ಒಳ್ಳೆಯವರು, ತುಂಬಾ ಕಷ್ಟದಲ್ಲಿದ್ದಾರೆ’ ಎಂಬುದು ಸಾಕ್ಷ್ಯವಲ್ಲ. ‘ವಾರಕ್ಕೆ ಮೂರು ದಿನ ನಾನೇ ತಲೆ ಬಾಚುತ್ತೇನೆ’ ಎಂಬುದು ಸಾಕ್ಷ್ಯ. ಬರೆದವರ ಹೆಸರು, ನಿಮಗೂ ಅವರಿಗೂ ಇರುವ ಸಂಬಂಧ, ಎಷ್ಟು ಕಾಲದ ಪರಿಚಯ, ದಿನಾಂಕ, ಸಹಿ ಇರಲಿ. ನಾಲ್ವರಿಂದ ಒಂದೇ ಒಕ್ಕಣೆಯ ಪತ್ರ ಬರೆಸಬೇಡಿ. ಓದಿದವರಿಗೆ ಅದು ಒಬ್ಬರೇ ಹೇಳಿಕೊಟ್ಟದ್ದೆಂದು ತಕ್ಷಣ ತಿಳಿಯುತ್ತದೆ, ನಿಜ ಬರೆದವರ ಮಾತೂ ಅದರೊಂದಿಗೆ ಮುಳುಗುತ್ತದೆ. ಕೆಲಸ ಬಿಟ್ಟಿದ್ದರೆ ಹಾಜರಿ ಮತ್ತು ರಜೆಯ ದಾಖಲೆ ಕೇಳಿ. ಗಾಲಿಕುರ್ಚಿ, ಹಿಡಿಕಂಬಿ, ದಪ್ಪ ಹಿಡಿಯ ಚಮಚ ಇವುಗಳ ಫೋಟೊ ದಿನಾಂಕದೊಂದಿಗೆ ಸಾಕು.

ನಿಮಗೆ ವಿರುದ್ಧವಾಗಿ ಕಾಣುವ ದಾಖಲೆ ಇದ್ದರೆ ಬಚ್ಚಿಡಬೇಡಿ. ‘ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ’ ಎಂದು ಒಂದು ಚೀಟಿಯಲ್ಲಿದ್ದರೆ, ಅದು ಜ್ವರದಿಂದ ಚೇತರಿಕೆಯೋ ಮೂಲ ಕಾಯಿಲೆಯಿಂದಲೋ ಎಂದು ಬರೆದವರಿಂದಲೇ ಸ್ಪಷ್ಟನೆ ತನ್ನಿ. ವಿವರಿಸಿದ ವಿರೋಧ ನಿಮ್ಮನ್ನು ಕೆಡಿಸುವುದಿಲ್ಲ, ಅಡಗಿಸಿದ್ದು ಸಿಕ್ಕಿಬಿದ್ದರೆ ಉಳಿದ ನೂರು ಪುಟಗಳನ್ನೂ ಕೆಡಿಸುತ್ತದೆ.

ಕಟ್ಟು ಕಟ್ಟುವುದು

ಎಲ್ಲ ಹಾಳೆಗಳಿಗೂ ಮೂಲೆಯಲ್ಲಿ ಪುಟಸಂಖ್ಯೆ ಹಾಕಿ, ಮೊದಲು ಒಂದು ಪಟ್ಟಿ ಇಡಿ. ಅದರ ಮೇಲೆ ಎರಡು ಪುಟ ಮೀರದ ಪತ್ರ: ತಿರಸ್ಕಾರದ ಕಾರಣ ಒಂದು, ಅದಕ್ಕೆ ಉತ್ತರ, ಆಧಾರ ಪುಟ 14, ಕಾರಣ ಎರಡು, ಉತ್ತರ, ಆಧಾರ ಪುಟ 22. ನಮ್ಮ ಮೊದಲ ಕಡತ 140 ಪುಟ ಇತ್ತು, ಎರಡನೆಯದು 37. ಮೂಲಪ್ರತಿ ಎಂದಿಗೂ ಕೊಡಬೇಡಿ. ವಿಚಾರಣೆಯಲ್ಲಿ ಕೇಳಿದರೆ ತೋರಿಸಿ ವಾಪಸ್ ಪಡೆಯಿರಿ. ಕಳುಹಿಸಿದ ಪ್ರತಿ ಪುಟವನ್ನೂ ಮೊದಲೇ ಸ್ಕ್ಯಾನ್ ಮಾಡಿ, ಸ್ವೀಕೃತಿ ಸಿಗುವ ವಿಧಾನದಲ್ಲೇ ಕಳುಹಿಸಿ.

ವಿಚಾರಣೆಗೆ ಕರೆ ಬಂದರೆ ಮೆಟ್ಟಿಲಿಲ್ಲದ ಕೊಠಡಿ, ಸನ್ನೆಭಾಷೆಯ ದುಭಾಷಿ, ನಡುವೆ ವಿರಾಮ, ಜೊತೆಗೊಬ್ಬರು ಇವುಗಳಲ್ಲಿ ಏನು ಬೇಕೋ ಮುಂಚಿತವಾಗಿ ಬರೆದು ಕೇಳಿ. ಯಾವ ಹೊತ್ತು ನಿಮಗೆ ಕಷ್ಟದ್ದು ಎಂಬುದನ್ನೂ ತಿಳಿಸಿ. ಅಕ್ಕನ ವಿಚಾರಣೆ ಬೆಳಿಗ್ಗೆ ಹತ್ತಕ್ಕೆ ಇತ್ತು. ಸಹಿ ಹಾಕಲು ಪೆನ್ನು ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ತನಗೆ ಬೇಕಾದಷ್ಟು ಸಮಯ ತೆಗೆದುಕೊಂಡು ಹೆಸರು ಬರೆದಳು. ಮೇಜಿನ ಆಚೆಗಿದ್ದವರು ಕಡತದ 22ನೇ ಪುಟ ತೆರೆದು ಮೊದಲಿನಿಂದ ಓದತೊಡಗಿದರು.